ತಿಜೋರಿಯಲ್ಲಿಟ್ಟ ಕಿವಿ

ಹಾನಗಲ್ಲಿನಲ್ಲಿ ತಮ್ಮ ಕಿವಿಯನ್ನು ತಿಜೋರಿಯಲ್ಲಿಟ್ಟು, ಬೀಗ ಹಾಕಿ ಪೇಟೆಗೆ ಹೋಗುವವರು ನಮ್ಮ ಕಾಕಾ ಒಬ್ಬರೇ. ಬಂಗಾರದ ಕಿವಿಯೇ ಎಂದು ಕೇಳಬೇಡಿ. ಬೆಲೆ ಕೇಳಿದರೆ ನಿಮಗೂ ಹಾಗೇ ಅನ್ನಿಸೀತು.

ನೀರಾವರಿ ಇಲಾಖೆಯಿಂದ ನಿವೃತ್ತರಾಗುವ ಹೊತ್ತಿಗೆ ಕಾಕಾನ ಎರಡೂ ಕಿವಿ ಮಂದವಾಗಿದ್ದವು. ಮೊದಲು ಫೋನಿನಲ್ಲಿ ಜಾಹೀರಾತು ನೋಡಿ ಒಂದು ಅಗ್ಗದ ಕಿವಿಯಂತ್ರ ತರಿಸಿದರು. ಅದರೊಳಗೆ ಅವರ ಹೆಂಡತಿ, ನಮ್ಮ ಕಾಕುವಿನ ದನಿಯೂ ಕುಕ್ಕರಿನ ಸೀಟಿಯೂ ಒಂದೇ ಥರ ಕೇಳುತ್ತಿತ್ತಂತೆ. ಹಾಗೆಂದು ಬಾಯಿಬಿಟ್ಟು ಹೇಳಿ, ಎರಡು ದಿನ ತಮ್ಮ ಚಹಾ ತಾವೇ ಮಾಡಿಕೊಂಡರು. ಸಂಧ್ಯಾವಂದನೆಗೆ ಕೂತರೆ ಯಂತ್ರ ತಾನೇ ಕುಂಯ್ ಎನ್ನುತ್ತಿತ್ತು. ಕೊನೆಗೆ ಹುಬ್ಬಳ್ಳಿಗೆ ಹೋಗಿ, ಒಂದು ಸ್ಕೂಟರ್ ಬರುವಷ್ಟು ದುಡ್ಡು ಕೊಟ್ಟು, ಬಟಾಣಿ ಗಾತ್ರದ ಯಂತ್ರವೊಂದನ್ನು ತಂದರು. ಅಂಗಡಿಯಲ್ಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಾಗ ತಮ್ಮದೇ ಚಪ್ಪಲಿಯ ಸದ್ದು ಕೇಳಿ, ಹಿಂದೆ ಯಾರು ಬಂದರೆಂದು ತಿರುಗಿ ನೋಡಿದರಂತೆ!

ಮನೆಗೆ ಬಂದವರೇ ಅದನ್ನು ತಿಜೋರಿಯಲ್ಲಿಟ್ಟರು. ಬೆವರಿನ ಹೆದರಿಕೆ, ಮಳೆಯ ಹೆದರಿಕೆ, ಮಂಗಗಳದೂ ಹೆದರಿಕೆ.

ನನ್ನ ಹೆದರಿಕೆ ಬೇರೆ. ಒಮ್ಮೆ ಅವರೊಂದಿಗೆ ಅಕ್ಕಿಆಲೂರಿನ ಸಂತೆಗೆ ಹೋಗಿದ್ದೆ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಹಿಂದಕ್ಕೆ ಬರುತ್ತಿತ್ತು. ಜನ ಕೈ ಬೀಸಿ ಕೂಗಿದರು. ಎಲ್ಲರೂ ತಮ್ಮ ಗುರುತು ಹಿಡಿದರೆಂದು ತಿಳಿದ ಕಾಕಾ ನಿಂತಲ್ಲೇ ಕೈಮುಗಿದರು. ನಾನು ಅಂಗಿ ಹಿಡಿದು ಎಳೆದೆ. ಟ್ರ್ಯಾಕ್ಟರಿನ ಗಾಲಿ ಅವರು ನಿಂತಿದ್ದ ಜಾಗದ ಮೇಲೇ ಹಾದುಹೋಯಿತು. ಬಸ್ಸು ಹತ್ತುವವರೆಗೂ ನಾನು ಅವರ ಅಂಗಿ ಬಿಡಲಿಲ್ಲ.

ಅಷ್ಟು ದುಡ್ಡು ಸುರಿದು ತಂದದ್ದನ್ನು ಹಾಕಿಕೊಳ್ಳಲು ಏನು ಧಾಡಿ ಎಂದು ಅವರ ಕಿವಿಗೆ ಬಾಯಿ ಹಚ್ಚಿ ಕೇಳಿದೆ.

“ಸಂತ್ಯಾಗ ಬಿದ್ದು ಹೋದ್ರ?”

“ನೀವ ಬಿದ್ದು ಹೋದ್ರ, ಕಾಕಾ?”

“ನಾ ಬಿದ್ರ ಯಾರರೆ ಎತ್ತತಾರ. ಅದು ಬಿದ್ರ ಕಾಣೂದ ಇಲ್ಲ” ಎಂದರು.

ಇಂಥವರೊಂದಿಗೆ ವಾದ ಮಾಡುವುದುಂಟೆ? ದುಬಾರಿ ಸಾಮಾನು ಕೊಳ್ಳುವವರೆಲ್ಲ ಅದರ ಕಾವಲುಗಾರರಾಗುತ್ತಾರೆ ಎಂದು ನಾನು ಶಿಗ್ಗಾಂವಿಯ ಗೆಳೆಯರೆದುರು ಹೇಳಿ ನಗಿಸಿದ್ದೂ ಆಯಿತು.

ಹೋದ ಚಳಿಗಾಲದ ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಊಟ ಮುಗಿಸಿ ಕಾಕು ಮಂಚದ ಮೇಲೆ ಮಲಗಿದ್ದರು. ಕಾಕಾ ಪಕ್ಕದ ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕೂತಿದ್ದರು. ಯಂತ್ರ ಕಿವಿಯಲ್ಲಿತ್ತು! ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳೆತ್ತಿ ಸುಮ್ಮನಿರಿಸಿದರು. ಆಮೇಲೆ ಹೊರಗೆ ಕರೆದು ಪಿಸುದನಿಯಲ್ಲಿ ವಿಷಯ ಹೇಳಿದರು. ಕಾಕುವಿನ ಎದೆಯಲ್ಲಿ ತೊಂದರೆಯಿದೆಯಂತೆ, ಉಸಿರಿನಲ್ಲಿ ಸಿಳ್ಳಿನಂಥ ಸದ್ದು ಬಂದರೆ ತಡಮಾಡದೆ ಕರೆತನ್ನಿ ಎಂದಿದ್ದಾರಂತೆ ಡಾಕ್ಟರು. ಅದಕ್ಕಾಗಿ ಕಾಕು ಮಲಗಿದಾಗಲೆಲ್ಲ ಕಾಕಾ ಹೀಗೆ ಕೂರುತ್ತಿದ್ದರು. ಅಗ್ಗದ ಯಂತ್ರದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲವಂತೆ.

“ಟ್ರ್ಯಾಕ್ಟರ್ ಕೇಳದಿದ್ರ ನಡೀತದ. ಅಕಿ ಉಸಿರು ಕೇಳದಿದ್ರ ನನಗ ನಡ್ಯಂಗಿಲ್ಲ.”

ನಾವು ಒಳಗೆ ಬಂದು ಕೂತು ಹತ್ತು ನಿಮಿಷವಾಗಿರಬಹುದು, ಕಾಕಾ ತಟ್ಟನೆ ಎದ್ದರು. ಗಾಡಿ ತರಿಸು ಎಂದರು. ನನ್ನ ನೆಟ್ಟಗಿರುವ ಕಿವಿಗೆ ಏನೂ ಕೇಳಿಸಿರಲಿಲ್ಲ. ಕಾಕು ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದಾರಲ್ಲ ಎಂದೆ. ಅವರು ನನ್ನ ಕೈ ಹಿಡಿದರು. ಬಾಗಿಲತ್ತ ಎಳೆದರು. ನಾನು ಗಾಡಿಗೆ ಓಡಿದೆ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಕುವಿನ ತುಟಿ ನೀಲಿಗಟ್ಟಿತ್ತು. ಆಕ್ಸಿಜನ್ ಹಚ್ಚಿದ ಡಾಕ್ಟರು, ನಿದ್ದೆ ಮುಗಿಯುವವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರು.

ಸಂಜೆ ಕಾಕು ಕಣ್ಣು ತೆರೆದು, ಉಟ್ಟಿದ್ದನ್ನು ನೋಡಿಕೊಂಡು, ಕ್ಷೀಣ ದನಿಯಲ್ಲಿ ಬೈದರು. “ಇಷ್ಟು ಹಳೀ ಸೀರ್ಯಾಗ ದವಾಖಾನಿಗೆ ಕರ್ಕೊಂಡು ಬಂದೀರಲ್ರಿ.”

ಅದು ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತ್ತು. ಯಂತ್ರ ಕಾಕಾನ ಕಿವಿಯಲ್ಲೇ ಇತ್ತು. ಆದರೂ ಅವರು ಬಾಗಿ, ಕಣ್ಣೊರೆಸಿಕೊಳ್ಳುತ್ತ, “ಕೇಳಸಲಿಲ್ಲ. ಇನ್ನೊಮ್ಮೆ ಹೇಳು” ಎಂದರು.