ಹೊಸ್ತಿಲು ದಾಟದ ಹೆಪ್ಪು

ನೆರೆದೇಶಗಳು ಮನಸಾರೆ ವ್ಯಾಪಾರ ಮಾಡದಿರುವುದೇಕೆ ಎಂಬುದಕ್ಕೆ ದಪ್ಪ ದಪ್ಪ ಪುಸ್ತಕಗಳಿವೆ. ಅವನ್ನೇ ಅರಸೀಕೆರೆಯ ಕಾಲೇಜೊಂದರಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಆದರೂ ವಿಷಯ ತಲೆಗೆ ಹೊಕ್ಕಿದ್ದು ಮೊನ್ನೆ ಶುಕ್ರವಾರ ಮುಸ್ಸಂಜೆ, ಒಂದು ಚಮಚ ಹೆಪ್ಪಿಗಾಗಿ ಪಕ್ಕದ ಮನೆಯ ಬಾಗಿಲಲ್ಲಿ ನಿಂತಾಗ.

ಹೆಂಡತಿ ಸರೋಜ ಗಂಡಸಿಯಲ್ಲಿರುವ ತವರಿಗೆ ಹೋಗಿದ್ದಳು. ಹೊರಡುವಾಗ, "ಮೊಸರೆಲ್ಲ ಬಳಿದು ತಿನ್ಬೇಡಿ, ಹೆಪ್ಪಿಗೆ ಉಳಿಸಿ" ಎಂದಿದ್ದಳು. ಆ ಹೆಪ್ಪು ಮದುವೆಯಾದಾಗ ಅವಳ ಜೊತೆ ತವರಿನಿಂದ ಬಂದದ್ದು, ಇದುವರೆಗೆ ಕೆಟ್ಟಿಲ್ಲ. ನನ್ನ ಬಗ್ಗೆ ಅವಳು ಹಾಗೆ ಹೇಳುವುದಿಲ್ಲ. ಮರುದಿನ ಹಳೇಬೀಡಿನ ಕಾಲೇಜಿನಲ್ಲಿ ಮುಕ್ತ ವ್ಯಾಪಾರದ ಮೇಲೆ ನನ್ನ ಭಾಷಣವಿತ್ತು. ಅದನ್ನೇ ಗುನುಗುತ್ತಾ ಉಂಡವನು ಪಾತ್ರೆಯ ತಳವನ್ನೂ ಬೆರಳಲ್ಲಿ ಬಳಿದು ನೆಕ್ಕಿಬಿಟ್ಟಿದ್ದೆ. ಸಂಜೆ ಹಾಲು ಕಾಯಿಸಿದಾಗಲೇ ಜ್ಞಾನೋದಯ. ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಬರುತ್ತಾಳೆ! ಖಾಲಿ ಬಟ್ಟಲು ಹಿಡಿದು ಹೊರಟೆ.

ಪಕ್ಕದ ಮನೆಯ ಗಿರಿಜಮ್ಮ ಬಟ್ಟಲು ನೋಡಿದ ಕೂಡಲೇ ತಲೆಯಾಡಿಸಿದರು. "ದೀಪ ಹಚ್ಚಾಯ್ತು ಕಣ್ರೀ ಮೇಷ್ಟ್ರೇ, ಶುಕ್ರವಾರ ಬೇರೆ. ಈ ಹೊತ್ನಲ್ಲಿ ಹೆಪ್ಪು ಹೊಸ್ತಿಲು ದಾಟಿದ್ರೆ ಲಕ್ಷ್ಮೀನೂ ಹಿಂದೇನೇ ಹೋಗ್ತಾಳೆ."

"ಒಂದೇ ಚಮಚ, ಗಿರಿಜಮ್ಮನೋರೆ."

"ಹೋದ ಮಂಗಳವಾರ ನಾನು ಕೇಳ್ದಾಗ ನಿಮ್ಮನೆಯೋರೂ ಇದನ್ನೇ ಅಂದ್ರು."

ನಮ್ಮೂರ ಕೊಬ್ಬರಿ ದಿಲ್ಲಿಯ ತನಕ ಹೋಗುತ್ತದೆ, ಹೆಪ್ಪು ಮಾತ್ರ ಕಾಂಪೌಂಡ್ ಗೋಡೆ ದಾಟದು. ಸುಂಕವಾದರೆ ಕಟ್ಟಬಹುದಿತ್ತು, ಲಕ್ಷ್ಮಿಯ ಮೇಲೆ ಯಾರಿಗೆ ದೂರು ಕೊಡಲಿ? ನನಗೆ ಗಿರಿಜಮ್ಮನ ಮೇಲೂ ಸರೋಜಳ ಮೇಲೂ ಒಟ್ಟಿಗೇ ಸಿಟ್ಟು ಬಂತು. ಅದೇನು ನನ್ನ ಮುಖದಲ್ಲಿ ಕಂಡಿತೋ, ಆಕೆಯೇ ಕರಗಿದರು. "ಹೆಪ್ಪು ಹೊರಗೆ ಹೋಗಂಗಿಲ್ಲ. ಹಾಲು ಒಳಗೆ ಬರಬಾರ್ದು ಅಂತ ಯಾರೂ ಅಂದಿಲ್ವಲ್ಲ? ತನ್ನಿ ಇಲ್ಲಿಗೆ, ಹೆಪ್ಪು ಹಾಕಿಡ್ತೀನಿ. ಬೆಳಗಾದ ಮೇಲೆ ಮೊಸರು ತಗೊಂಡೋಗಿ."

ನಮ್ಮ ಹಾಲು ಪರದೇಶದಲ್ಲಿದ್ದಷ್ಟು ಹೊತ್ತೂ ನನಗೆ ನಿದ್ದೆಯಿಲ್ಲ. ಬಸ್ಸಿಗಿಂತ ಮೊದಲೇ ಮೊಸರು ತಂದು ನಮ್ಮ ಅಡುಗೆಮನೆಯಲ್ಲಿಟ್ಟು, ಏನೂ ಅರಿಯದವನಂತೆ ಪೇಪರು ಹಿಡಿದೆ. ಸರೋಜ ಬಂದವಳೇ ರೊಟ್ಟಿಗೆ ಹಾಕಿಕೊಂಡು ಬಾಯಿ ಚಪ್ಪರಿಸಿದಳು. "ನೋಡಿದ್ರಾ ನಮ್ಮಮ್ಮನ ಮನೆ ಹೆಪ್ಪು! ಗಿರಿಜಮ್ಮನ ಮನೇದು ಬರೀ ಹುಳಿ. ಅದಕ್ಕೇ ನಮ್ಮದನ್ನ ಕಂಡೋರಿಗೆಲ್ಲ ಕೊಡಲ್ಲ."

"ಹೌದೌದು" ಎಂದು ಹಳೇಬೀಡಿನ ಬಸ್ಸು ಹಿಡಿದೆ.

ಅಲ್ಲಿ ಗಡಿಗಳನ್ನೆಲ್ಲ ಕಿತ್ತು ಬಿಸಾಕುವಂತೆ ಮಾತಾಡಿದೆ. ಕೊನೆಗೆ ಒಬ್ಬ ಹುಡುಗಿ ಎದ್ದು, "ಸಾರ್, ಎರಡೂ ಕಡೆಯೋರು ಬಾಗಿಲು ಹಾಕ್ಕೊಂಡಿದ್ರೆ ಮೊದಲು ಯಾರು ತೆಗೀಬೇಕು?" ಎಂದಳು. ನಿಜವಾದ ಉತ್ತರ ನಾಲಿಗೆಯ ತುದಿಗೆ ಬಂತು. ಆದರೆ ಆ ಕಾಲೇಜಿನಲ್ಲಿ ಸರೋಜಳ ಗೆಳತಿಯರು ಇಬ್ಬರಿದ್ದಾರೆ.

"ಪಕ್ಕದ ದೇಶದವರು" ಎಂದು ಹೇಳಿ ಕೂತುಬಿಟ್ಟೆ.