ಗುಂಡಿ ಗಣಿತ

ಅಡಿಪಾಯ ಗಟ್ಟಿಯಾಗಿದ್ದರೆ ಕಟ್ಟಡ ತಾನಾಗಿ ಏಳುತ್ತದೆ! ಶಾಲೆಗೆ ಸೇರುವ ಮೊದಲೇ ನಾಲ್ಕು ವರ್ಷದ ಮಗಳಿಗೆ ಅಕ್ಷರ, ಅಂಕಿ ಎರಡನ್ನೂ ಅರೆದು ಕುಡಿಸಿಯೇ ತೀರುತ್ತೇನೆಂದು ಶಪಥ ಮಾಡಿದೆ. ನಾನೇನು ಸಾಮಾನ್ಯನೇ? ಕಚೇರಿಯಲ್ಲಿ ಲೆಕ್ಕ ತಪಾಸಣೆ ಮಾಡುವವನು! ನನ್ನ ಕೆಂಪು ಪೆನ್ನು ಕಂಡರೆ ಮ್ಯಾನೇಜರೂ ಬೆವರುತ್ತಾರೆ.

ನರ್ಸ್ ಆಗಿರುವ ನನ್ನ ಹೆಂಡತಿ ಆರು ತಿಂಗಳ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಳು. ದಿನಾ ಸಂಜೆ ಫೋನು.

"ರೀ, ಅವಳು ಮಗು, ನಿಮ್ಮ ಆಫೀಸಿನ ಗುಮಾಸ್ತೆ ಅಲ್ಲ. ಮೆಟ್ಟಿಲು ಹತ್ತುವಾಗ ಜೊತೆಗೆ ಎಣಿಸಿ. ಕತೆ ಓದಿ ಹೇಳಿ. ಬಾಯ್ತುಂಬಾ ಮಾತಾಡಿ. ಈ ವಯಸ್ಸಿಗೆ ಅದೇ ಪಾಠ."

"ಮೆಟ್ಟಿಲ ಮೇಲೆ ಗಣಿತವೇ? ಲೆಕ್ಕಕ್ಕೆ ಶಿಸ್ತು ಬೇಕು ಕಣೇ!"

ನಿಜ ಹೇಳಲೇ? ಕತೆ ಹೇಳಲು ನನಗೆ ಬಾಯೇ ಬರುತ್ತಿರಲಿಲ್ಲ. ಅವಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ಕುಕ್ಕರ್ ಕೂಗಿದರೂ ಸದ್ಯ, ಯಾರೋ ಮಾತಾಡಿಸಿದರಲ್ಲ ಎನಿಸುತ್ತಿತ್ತು. ಕತೆ ಶುರು ಮಾಡಿದರೆ ಅದರಲ್ಲೂ ಅವಳೇ ನೆನಪಾಗುತ್ತಿದ್ದಳು. ಲೆಕ್ಕದಲ್ಲಿ ಆ ಕಾಟವಿಲ್ಲ.

ಹಾಗಾಗಿ ಕೂಡುವುದು ಮುಗಿಸಿ ಕಳೆಯುವುದಕ್ಕೆ ಬಂದೆವು. ಮೈಮೇಲಿದ್ದ ಅಂಗಿಯನ್ನೇ ಕರಿಹಲಗೆ ಮಾಡಿಕೊಂಡೆ. "ನೋಡು ಪುಟ್ಟಿ, ಇಲ್ಲಿ ಐದು ಗುಂಡಿ. ಒಂದನ್ನು ತೆಗೆದರೆ ಎಷ್ಟು ಉಳಿಯಿತು?"

"ತೆಗೀಲೇ ಇಲ್ವಲ್ಲಪ್ಪಾ!"

"ತೆಗೆದೆ ಅಂದ್ಕೋ!"

ಅಂದುಕೊಳ್ಳುವ ಪೈಕಿ ಅಲ್ಲ ನನ್ನ ಮಗಳು. ಮರುದಿನ ನಾನು ಗಡ್ಡ ಹೆರೆದು ಬರುವಷ್ಟರಲ್ಲಿ ಕತ್ತರಿ ಹಿಡಿದು, ಇಸ್ತ್ರಿಯಾಗಿ ಬಂದಿದ್ದ ಅಂಗಿಗಳಿಗೆಲ್ಲ ಕಳೆಯುವ ಲೆಕ್ಕ ಮಾಡಿ ಮುಗಿಸಿದ್ದಳು! ನೆಲದ ಮೇಲೆ ಗುಂಡಿಗಳ ಸಾಲು. "ಎಲ್ಲಾ ತೆಗೆದ್ರೆ ಏನೂ ಉಳಿಯಲ್ಲಪ್ಪಾ!" ಉತ್ತರ ಸರಿಯಾಗಿತ್ತು. ಬೈಯಲು ದಾರಿಯೇ ಇರಲಿಲ್ಲ.

ಸುಡು ಬೇಸಿಗೆಯಲ್ಲಿ ಅಂಗಿಯ ಮೇಲೆ ಸ್ವೆಟರ್ ಏರಿಸಿ, ಮಗಳನ್ನು ಎಂದಿನಂತೆ ಪಕ್ಕದ ಮನೆಯಲ್ಲಿ ಬಿಟ್ಟು ಕಚೇರಿಗೆ ಹೊರಟೆ. ಮ್ಯಾನೇಜರ್ ಕರೆದರು. "ಏನ್ರೀ, ಜ್ವರಾನಾ?"

"ಇಲ್ಲ ಸಾರ್, ಗಣಿತ."

ಅವರು ನನ್ನನ್ನು ಅರ್ಧ ದಿನ ರಜೆಯ ಮೇಲೆ ಮನೆಗೆ ಕಳಿಸಿದರು. ಅಂದು ಬೆವರಿದವನು ನಾನು!

ಸಂಜೆ ಫೋನಿನಲ್ಲಿ ಮಂಗಳಾರತಿ. "ಕತ್ತರೀನ ಮಗು ಕೈಗೆ ಸಿಗೋ ಹಾಗೆ ಇಟ್ಟಿದ್ದು ಯಾರು? ಪಾಠ ಹೇಳೋದು ಬೇಡ, ಅವಳ ಜೊತೆ ಆಟ ಆಡಿ ಸಾಕು!"

ಮಾನ ಉಳಿಸಿಕೊಳ್ಳಲೇಬೇಕಿತ್ತು. ಇಲ್ಲದಿದ್ದರೆ ಮಗುವನ್ನು ಅಜ್ಜಿಮನೆಗೆ ಕಳಿಸುವ ಮಾತು ಬರುತ್ತಿತ್ತು, ಆಮೇಲೆ ಈ ಮನೆಯಲ್ಲಿ ಕುಕ್ಕರೂ ನಾನೂ ಇಬ್ಬರೇ. "ಪಾಠ ಹತ್ತಿದೆಯೋ ಇಲ್ಲವೋ ನೀನೇ ಕೇಳು!" ಎಂದು ಫೋನನ್ನು ಮಗಳ ಮುಂದೆ ಹಿಡಿದೆ. "ಪುಟ್ಟಿ, ಮೂರರಲ್ಲಿ ಒಂದು ಹೋದರೆ ಎಷ್ಟು?"

ಅವಳು ಬೆರಳು ಮಡಚಲೇ ಇಲ್ಲ. ಒಮ್ಮೆ ಫೋನನ್ನೂ ಒಮ್ಮೆ ನನ್ನನ್ನೂ ನೋಡಿದಳು.

"ನಾನು, ಅಪ್ಪ."

ಸರಿ ಉತ್ತರಕ್ಕೆ ತಪ್ಪು ಹಾಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು: "ಅಲ್ಲ ಪುಟ್ಟಿ, ಮೂರೇ. ಅಮ್ಮ ಹೋಗಿಲ್ಲ. ಬರ್ತಾಳೆ."

ಮಗಳು ನನ್ನನ್ನು ಕನಿಕರದಿಂದ ನೋಡಿ, ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು:

"ಅಮ್ಮಾ, ಅಪ್ಪನಿಗೆ ಲೆಕ್ಕಾನೇ ಬರಲ್ಲ. ನೀನೇ ಬಂದು ಹೇಳಿಕೊಡು."