ಎರಡು ಸೀಟಿನ ಟವೆಲ್ಲು

ಬಸ್ಸು ಇನ್ನೂ ನಿಲ್ದಾಣದ ತಿರುವಿನಲ್ಲಿರುವಾಗಲೇ ಅದರ ಕಿಟಕಿಯೊಳಗೆ ಟವೆಲ್ಲೆಸೆದು, ಆಮೇಲೆ ನಿಧಾನವಾಗಿ ಬಾಗಿಲಿನಿಂದ ಹತ್ತಿ, “ಏಳಿ, ಇದು ನಮ್ಮ ಸೀಟು” ಎನ್ನುವವರ ಪಂಗಡಕ್ಕೆ ಸೇರಿದವರೇ ನೀವು? ನಿಜ ಹೇಳಿ. ಹೌದಾದರೆ ನೀವು ನನ್ನ ಸೋದರಮಾವನ ಶಿಷ್ಯರು. ಅಲ್ಲವಾದರೆ ಜೀವಮಾನವಿಡೀ ನಿಂತೇ ಪ್ರಯಾಣ ಮಾಡಿದವರು. ಅರಸೀಕೆರೆ, ಹಳೇಬೀಡು, ಬೇಲೂರುಗಳ ನಡುವೆ ಮೂರನೆಯ ಪಂಗಡವೇ ಇಲ್ಲ!

ನನ್ನ ಮಾವ ಈ ವಿದ್ಯೆಯಲ್ಲಿ ಎಂಥ ಪಾರಂಗತರೆಂದರೆ, ಬಸ್ಸುಗಳು ಸರ್ಕಾರಕ್ಕೆ ಸೇರಿದ್ದರೂ ಅವುಗಳ ಸೀಟುಗಳೆಲ್ಲ ಅವರಿಗೇ ಸೇರಿದ್ದವು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಮನೆಯಿಂದ ಬೇಲೂರಿನ ಕಚೇರಿಗೆ ದಿನವೂ ಓಡಾಡುತ್ತಿದ್ದ ಗುಮಾಸ್ತರು ಅವರು. ಅವರ ಟವೆಲ್ಲು ಕೆಂಪು ಅಂಚಿನದು, ಎರಡು ಸೀಟಿನಷ್ಟು ಉದ್ದದ್ದು. ಗಾಳಿಗೆ ದಿಕ್ಕು ತಪ್ಪದಿರಲೆಂದು ಅದರ ತುದಿಯಲ್ಲೊಂದು ಗಂಟು. ಬಸ್ಸಿನ ವೇಗ, ಕಿಟಕಿಯ ಅಗಲ, ಒಳಗಿನವರ ತಲೆಗಳ ಎತ್ತರ ಇಷ್ಟನ್ನೂ ಕಣ್ಣಳತೆಯಲ್ಲೇ ತೂಗಿ ಎಸೆದರೆಂದರೆ ಅದು ಸುರುಳಿ ಬಿಚ್ಚಿಕೊಂಡು, ಎರಡು ಸೀಟಿನ ಮೇಲೂ ಮಡಿಬಟ್ಟೆ ಹಾಸಿದಂತೆ ಹಾಸಿಕೊಳ್ಳುತ್ತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಪರರ ತೋಟದ ಎಳನೀರು ಕೀಳುವುದು ಸಣ್ಣ ತಪ್ಪು, ಪರರ ಟವೆಲ್ಲು ಸರಿಸುವುದು ದೊಡ್ಡ ತಪ್ಪು.

ಒಬ್ಬ ಮನುಷ್ಯನಿಗೆ ಎರಡು ಸೀಟು ಏಕೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ಫಲಕಗಳನ್ನು ಗೆದ್ದಿದ್ದ ನಾನು ಈ ಪ್ರಶ್ನೆಯನ್ನು ಅವರ ಮುಂದೆ ತಾತ್ವಿಕವಾಗಿಯೇ ಇಟ್ಟಿದ್ದೆ.

“ಒಂದಲ್ಲ ಒಂದು ದಿನ ಅವ್ವ ಕುಂತ್ಕೊಂತಾಳೆ ಕಣ್ಲಾ,” ಎಂದರು ಮಾವ.

ಅವ್ವ ಎಂದರೆ ಅವರ ತಾಯಿ, ನನ್ನ ಅಜ್ಜಿ. ಅರಸೀಕೆರೆಯ ನಮ್ಮ ಮನೆಗೆ ಹದಿನೈದು ದಿನಕ್ಕೊಮ್ಮೆ ಮಗಳನ್ನು ನೋಡಲು ಬರುತ್ತಿದ್ದ ಅಜ್ಜಿ, ಬಸ್ಸು ಹತ್ತಿದೊಡನೆ ಬಾಗಿಲ ಪಕ್ಕ, ಚೀಲದ ಬದಿಯಲ್ಲಿ, ನೆಲದ ಮೇಲೆ ಕುಕ್ಕರಿಸುತ್ತಿದ್ದರು. ಎಷ್ಟು ಸೀಟು ಖಾಲಿಯಿದ್ದರೂ ಅಷ್ಟೆ. “ಕೆಳಗೇ ಗಾಳಿ ಚೆನ್ನಾಗೈತೆ” ಎಂಬುದು ಅವರ ವಾದ. ಮಂಡಿನೋವಿಗೂ ಅದೇ ಮದ್ದು ಎಂಬಂತೆ ಹೇಳುತ್ತಿದ್ದರು! ಮಗ ಗೆದ್ದುಕೊಟ್ಟ ಸೀಟಿನಲ್ಲಿ ತಾಯಿಯನ್ನು ಕೂರಿಸುವುದೊಂದೇ ನನ್ನ ಮಾವನ ಜೀವನದ ಗುರಿ. ಆ ಗುರಿ ಪ್ರತಿ ಪ್ರಯಾಣದಲ್ಲೂ ತಪ್ಪಿ, ಸೀಟು ಅಜ್ಜಿಯನ್ನು ಕರೆತರಲು ಮಾವನೊಡನೆ ಹೋಗುತ್ತಿದ್ದ ನನ್ನ ಪಾಲಿಗೆ ಬರುತ್ತಿತ್ತು. ನಾನು ಅದರಲ್ಲಿ ಆರಾಮವಾಗಿ ಕುಳಿತು, ಟವೆಲ್ ಪದ್ಧತಿಯ ವಿರುದ್ಧ ಭಾಷಣ ಸಿದ್ಧಪಡಿಸುತ್ತಿದ್ದೆ.

ಕಾಲೇಜಿನಲ್ಲಿ ಉಪನ್ಯಾಸಕನಾದ ಮೇಲೆ ಅರಸೀಕೆರೆ ಬಸ್ ನಿಲ್ದಾಣಕ್ಕೆ ಶಿಸ್ತು ತರಲೆಂದು ‘ಸರದಿ ಸಾಲು ಸಮಿತಿ’ಯೊಂದನ್ನು ಸ್ಥಾಪಿಸಿದೆ. ಮೊದಲ ಸಭೆಗೆ ನಾನು ಐದು ನಿಮಿಷ ತಡವಾಗಿ ಹೋದೆ. ಸಭಾಂಗಣದಲ್ಲಿ ಜನವಿರಲಿಲ್ಲ. ಅಧ್ಯಕ್ಷರ ಕುರ್ಚಿಯ ಮೇಲೆ ಮಾತ್ರ ಕೆಂಪು ಅಂಚಿನ ಟವೆಲ್ಲೊಂದು ಬಿದ್ದಿತ್ತು!

“ಇನ್ಯಾರಾದ್ರೂ ಬಂದು ಕುಂತ್ಬಿಟ್ಟಾರು ಅಂತ ನಿನಗೇ ಹಿಡ್ದಿದ್ದೆ ಕಣ್ಲಾ, ಭಾಷಣದ ಮೇಷ್ಟ್ರೇ,” ಎಂದರು ನನ್ನ ಹಿಂದೆಯೇ ಒಳಬಂದ ಮಾವ. ಸಮಿತಿ ಅಂದೇ ವಿಸರ್ಜನೆಯಾಯಿತು.

ಇಂಥ ಮಾವನಿಗೆ ಮಗಳಿಂದ ಆಹ್ವಾನ ಬಂದಿತು. ಹೊಸ ಶತಮಾನಕ್ಕೆ ನಾಲ್ಕೈದು ವರ್ಷ ತುಂಬಿದ್ದ ಕಾಲ. ಅವರ ಮಗಳು ಸಿಂಗಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಒಂದು ವಾರದ ಮಟ್ಟಿಗೆ ಅಪ್ಪ, ಅಜ್ಜಿ, ಜೊತೆಗೆ ಇಂಗ್ಲಿಷ್ ಬಲ್ಲ ನಾನು ಬರಬೇಕೆಂದಳು. ವಿಮಾನವೆಂದರೆ ಬೆವರುವ ಅತ್ತೆ ಊರಿನಲ್ಲೇ ಉಳಿದರು. ಹೊರಡುವ ಮುನ್ನ ಮಾವನ ಮಗಳು ನನಗೆ ಪ್ರತ್ಯೇಕವಾಗಿ ಫೋನ್ ಮಾಡಿದಳು.

“ಭಾವ, ಎರಡೇ ವಿಷಯ. ಅಪ್ಪ ಟವೆಲ್ ಎಸೀಬಾರ್ದು. ಅಜ್ಜಿ ನೆಲದ ಮೇಲೆ ಕೂರ್ಬಾರ್ದು. ಇಲ್ಲಿ ನನ್ನ ಜೊತೆ ಕೆಲಸ ಮಾಡೋರೆಲ್ಲಾ ಇರ್ತಾರೆ.”

ನಾನು ಭರವಸೆ ಕೊಟ್ಟೆ. ಭರವಸೆ ಕೊಡುವುದರಲ್ಲಿ ಸುಧಾರಕರನ್ನು ಮೀರಿಸುವವರುಂಟೆ?

ಆದರೆ ಮಾವ ಚೀಲದ ತಳದಲ್ಲಿ ಟವೆಲ್ಲು ಇಟ್ಟುಕೊಂಡೇ ಹೊರಟರು. “ಆ ಊರಲ್ಲಿ ನಮ್ಮ ಗುರ್ತು ಯಾರಿಗೂ ಇಲ್ಲ ಕಣ್ಲಾ. ಅಲ್ಲಿ ಅವ್ವನ್ನ ಕೂರಿಸ್ದೇ ಬಿಡಾಕಿಲ್ಲ,” ಎಂದರು.

ವಿಮಾನದಲ್ಲಿ ಅಜ್ಜಿ ಸೀಟಿನ ಮೇಲೆ ಕುಳಿತದ್ದು ನಿಜ. ನಾನು ಮಾವನ ಕೈ ಕುಲುಕಲು ಹೋದೆ. ಅವರು ಒಪ್ಪಲಿಲ್ಲ. “ಬೆಲ್ಟ್ ಹಾಕಿ ಕಟ್ಟವ್ರೆ. ಕಟ್ಟಾಕಿ ಕೂರ್ಸಿದ್ದು ಲೆಕ್ಕಕ್ಕಿಲ್ಲ.” ಅಷ್ಟರಲ್ಲಿ ಗಗನಸಖಿ ಚಿಮಟದಲ್ಲಿ ಹಿಡಿದು ಬಿಸಿಬಿಸಿಯಾದ ಪುಟ್ಟ ಒದ್ದೆ ಟವೆಲ್ಲೊಂದನ್ನು ಅವರ ಕೈಗಿತ್ತಳು. ಮಾವ ಅದನ್ನು ಬಿಡಿಸಿ, ಅಳೆದು, ಮರುಕದಿಂದ ತಲೆಯಾಡಿಸಿದರು. “ಪಾಪ! ಇಷ್ಟಗಲದ್ರಾಗೆ ಯಾವ ಸೀಟು ಹಿಡಿಯಕ್ಕಾಯ್ತದೆ?”

ಸಿಂಗಪುರದ ಶಿಸ್ತನ್ನು ಕಂಡು ನನ್ನ ಎದೆ ಅರಳಿತು. ಎಲ್ಲೆಲ್ಲೂ ಸರದಿ! ಎಲ್ಲೆಲ್ಲೂ ಸಾಲು! ಮೊದಲ ದಿನ ಊಟಕ್ಕೆಂದು ಸಾಲು ಸಾಲು ತಿಂಡಿ ಅಂಗಡಿಗಳಿದ್ದ ದೊಡ್ಡ ಚಾವಡಿಗೆ ಹೋದಾಗ, “ನೋಡಿದಿರಾ ಮಾವ? ಟವೆಲ್ಲಿಲ್ಲದ ನಾಗರಿಕತೆ!” ಎಂದೆ. ಮುಂದಿದ್ದ ಖಾಲಿ ಮೇಜಿನ ಮೇಲೆ ಯಾರೋ ಕಾಗದದ ಕರವಸ್ತ್ರದ ಸಣ್ಣ ಪೊಟ್ಟಣವೊಂದನ್ನು ಮರೆತು ಹೋಗಿದ್ದರು. ಪ್ರಾಮಾಣಿಕ ಪ್ರಜೆಯಾದ ನಾನು ಅದನ್ನೆತ್ತಿ ಹತ್ತಿರದ ಅಂಗಡಿಯವನಿಗೆ ಒಪ್ಪಿಸಿ, ಮನೆಯವರನ್ನು ಆ ಮೇಜಿಗೆ ಕರೆದೆ. ಎರಡು ನಿಮಿಷದಲ್ಲಿ ತಟ್ಟೆ ಹಿಡಿದ ದಂಪತಿಗಳಿಬ್ಬರು ಬಂದು ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದರು.

ಮಾವನ ಮಗಳು ಕ್ಷಮೆ ಕೇಳಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. “ಅದನ್ನ ಮರೆತಿರಲಿಲ್ಲ ಭಾವ, ಇಟ್ಟಿದ್ರು. ಇಲ್ಲಿ ಮೇಜು ಹಿಡಿಯೋದೇ ಹಾಗೆ.”

ಮಾವ ಚಾವಡಿಯ ಉದ್ದಕ್ಕೂ ಮೇಜು ಮೇಜಿನ ಮೇಲೂ ವಿರಾಜಮಾನವಾಗಿದ್ದ ಪೊಟ್ಟಣಗಳ ಮೇಲೆ ಕಣ್ಣಾಡಿಸಿದರು. ಆಮೇಲೆ ಅವರು ನಕ್ಕ ನಗೆ ನಮ್ಮೂರ ಕಡೆಯ ಹುಲಿಕೆರೆಯ ಕೊಳದ ಕೊನೆಯ ಮೆಟ್ಟಿಲವರೆಗೂ ಕೇಳಿಸಿರಬೇಕು! “ಅದೂ ಟವೆಲ್ಲೇ ಕಣ್ಲಾ! ಮರಿ ಟವೆಲ್ಲು!” ಎಂದವರೇ ಚೀಲದಿಂದ ತಾಯಿ ಟವೆಲ್ಲನ್ನು ತೆಗೆದು ಆಗಷ್ಟೇ ಖಾಲಿಯಾದ ಪಕ್ಕದ ಮೇಜಿಗೆ ಬೀಸಿ ಹಾಸಿದರು. ನಾವು ಊಟ ತರುವಷ್ಟರಲ್ಲಿ, ಮೇಜು ಒರೆಸುವ ಹೆಂಗಸು ಅದನ್ನು ಒರೆಸಲೆಂದೇ ಇಟ್ಟದ್ದೆಂದು ತಿಳಿದು, ಆ ಸಾಲಿನ ಆರು ಮೇಜುಗಳನ್ನು ಅದರಿಂದಲೇ ಒರೆಸಿ, ಹಿಂಡಿ, ಒಣಗಹಾಕಿದ್ದಳು.

ಅಜ್ಜಿ? ಕಂಬದ ಬುಡದಲ್ಲಿ ನೆಲದ ಮೇಲೆ ಕುಳಿತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಮೊಮ್ಮಗಳು ಯಾರಾದರೂ ಪರಿಚಿತರು ಬಂದಾರೆಂದು ಬಾಗಿಲು ಕಾಯುತ್ತಿದ್ದಳು.

ರೈಲಿನಲ್ಲೂ ಇದೇ ಕಥೆ. ಕನ್ನಡಿಯಂತೆ ಹೊಳೆಯುವ ಬೋಗಿ. ಬಾಗಿಲು ತೆರೆದೊಡನೆ ಮಾವನ ಟವೆಲ್ಲು ಹಾರಿ ಉದ್ದನೆಯ ಬೆಂಚಿನ ಮೇಲೆ ಎರಡು ಸೀಟಿಗೆ ಹಾಸಿಕೊಂಡಿತು. ಅಜ್ಜಿ ಬಾಗಿಲ ಪಕ್ಕ ಕುಕ್ಕರಿಸಿದರು. “ಅಜ್ಜೀ, ಏಳಜ್ಜಿ, ಎಲ್ಲಾರೂ ನೋಡ್ತಿದಾರೆ,” ಎಂದು ಮೊಮ್ಮಗಳು ಗೋಗರೆದಳು. “ನೋಡ್ಲಿ ಬುಡವ್ವಾ, ನಾನೇನು ಕದ್ದಿದೀನಾ?” ಎಂದರು ಅಜ್ಜಿ. ನಾನು ಪರ ಮತ್ತು ವಿರೋಧಗಳೆರಡನ್ನೂ ಕ್ರಮವಾಗಿ ಮಂಡಿಸಿ, ನೆಲದ ಮೇಲೆ ಕೂರುವುದರಿಂದಾಗುವ ಐದು ಅನಾನುಕೂಲಗಳನ್ನು ವಿವರಿಸಿದೆ. ಅಜ್ಜಿ ಗಮನವಿಟ್ಟು ಕೇಳಿ, “ನೀನು ಬಾಯೊಣಗಿಸ್ಕೋಬ್ಯಾಡ, ಕುಂತ್ಕೊ ಮಗಾ,” ಎಂದರು. ಕುಳಿತೆ.

ಭಾನುವಾರ ಮಾವನ ಮಗಳು ನಮ್ಮನ್ನು ಬುದ್ಧವಿಹಾರಕ್ಕೆ ಕರೆದೊಯ್ದಳು. ಅಲ್ಲಿ ನುಣುಪಾದ ನೆಲದ ಮೇಲೆ ಡಾಕ್ಟರರು, ವ್ಯಾಪಾರಿಗಳು, ಮುದುಕರು, ಮಕ್ಕಳು ಎಲ್ಲರೂ ಸಾಲಾಗಿ ಕುಳಿತಿದ್ದರು. ಅಜ್ಜಿಯ ಮುಖ ಬೆಳಗಿತು.

“ನೋಡ್ಲಾ, ಇಲ್ಲಿ ದೊಡ್ಡ ದೊಡ್ಡೋರೆಲ್ಲಾ ಕೆಳಗೇ ಕುಂತವ್ರೆ!”

“ಇಲ್ಲಿ ಎಲ್ಲಾರೂ ಕೆಳಗವ್ರೆ, ಅದಕ್ಕೇ ಚೆಂದ,” ಎಂದರು ಮಾವ. “ಬಸ್ಸಾಗೆ ನೀನೊಬ್ಳೇ ಕಣವ್ವಾ.”

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, “ಅಜ್ಜಿಯ ಈ ಹಟಕ್ಕೆ ಕಾರಣವಾದರೂ ಏನು ಮಾವ?” ಎಂದು ಕೇಳಿದೆ. ಇಷ್ಟು ವರ್ಷ ವಾದಿಸಿದ್ದೆನೇ ಹೊರತು ಒಮ್ಮೆಯೂ ಕೇಳಿರಲಿಲ್ಲ.

“ನಾನಾಗ ಕಂಕುಳ ಕೂಸು,” ಎಂದರು ಮಾವ. “ಹಳೇಬೀಡಿಂದ ಬತ್ತಾ ಬಸ್ಸಾಗೆ ಅವ್ವ ನನ್ನ ಎತ್ಕೊಂಡು ಖಾಲಿ ಸೀಟ್ನಾಗೆ ಕುಂತ್ಳಂತೆ. ಪಕ್ಕದಲ್ಲಿದ್ದ ಊರಿನ ದೊಡ್ಮನೆ ಹೆಂಗ್ಸು ಇವ್ಳು ಯಾವ ಕೇರಿಯೋಳು ಅಂತ ನೋಡಿ, ಸೆರಗು ಕೊಡವ್ಕೊಂಡು ಎದ್ದೋದ್ಲು. ಅರಸೀಕೆರೆಗಂಟ ನಿಂತ್ಕೊಂಡೇ ಬಂದ್ಲು. ಬಸ್ಸಾಗಿದ್ದೋರೆಲ್ಲಾ ಅವ್ವನ್ನೇ ಬೈದ್ರು, ನಿನ್ನಿಂದ ಆಯಮ್ಮ ನಿಲ್ಲಂಗಾಯ್ತು ಅಂತ. ಅವತ್ತಿಂದ ಇವ್ಳು ಕುಂತಿಲ್ಲ. ಪಕ್ಕದ ಸೀಟ್ಗೂ ಟವೆಲ್ ಹಾಕಿದ್ರೆ ಎದ್ದೋಗೋರೇ ಇರಾಕಿಲ್ವಲ್ಲ ಅಂತ ನಾನು.”

ಮೂರು ಫಲಕಗಳನ್ನು ಗೆದ್ದ ನಾನು ವರ್ಷಗಟ್ಟಲೆ ‘ಅತಿಯಾಸೆ’ ಎಂದು ಕರೆದದ್ದು ಆ ಎರಡನೆಯ ಸೀಟನ್ನು.

ಹೊರಡುವ ದಿನ ಬಂದಿತು. ಬೀಳ್ಕೊಡಲು ಬಂದ ಮಾವನ ಮಗಳೊಡನೆ ಮಧ್ಯಾಹ್ನ ವಿಮಾನ ನಿಲ್ದಾಣದ ಕಡೆಗೆ ಹೋಗುವ ರೈಲು ಹತ್ತಿದಾಗ ಬೆಂಚುಗಳು ಭರ್ತಿಯಾಗಿದ್ದವು. ಟವೆಲ್ಲಿಗೆ ಕೆಲಸವಿರಲಿಲ್ಲ. ಮಾವ ಸೋತ ಮುಖದಿಂದ ಕಂಬ ಹಿಡಿದು ನಿಂತರು. ಅಜ್ಜಿ ಚೀಲದ ಪಕ್ಕ ಕುಕ್ಕರಿಸಿದರು. ಎದುರಿಗೆ ಅಜ್ಜಿಯದೇ ವಯಸ್ಸಿನ ಚೀನೀ ಮುದುಕಿಯೊಬ್ಬರು ಕುಳಿತಿದ್ದರು. ಅವರು ಅಜ್ಜಿಯನ್ನು ಎರಡು ಬಾರಿ ನೋಡಿದರು. ಸೊಪ್ಪಿನ ಚೀಲವನ್ನು ಕಾಲ ಸಂದಿಗೆ ಎಳೆದುಕೊಂಡರು. ಪಕ್ಕದ ತರುಣನನ್ನು ಮೊಣಕೈಯಿಂದ ಒತ್ತಿ, ತಾವೂ ಸರಿದು, ಎರಡು ಗೇಣು ಜಾಗ ಮಾಡಿ, ಅಂಗೈಯಿಂದ ಬೆಂಚು ತಟ್ಟಿ ಏನೋ ಹೇಳಿದರು.

“ಆಯಮ್ಮ ಏನಂತಳವ್ವಾ?”

“ಸರ್ಕೊಂಡಿದೀನಿ, ಬಾ ಅಂತಿದಾರೆ ಅಜ್ಜಿ.”

ಅಜ್ಜಿ ಧ್ವನಿ ತಗ್ಗಿಸಿದರು. “ನಾನು ಕುಂತ್ರೆ ಎದ್ದೋಗಾಕಿಲ್ವಾ? ಕೇಳು.”

“ಅದನ್ನ ಹೆಂಗೆ ಕೇಳ್ಲಿ ಅಜ್ಜಿ?” ಎಂದಳು ಮೊಮ್ಮಗಳು.

ಮುದುಕಿ ಮತ್ತೆ ಬೆಂಚು ತಟ್ಟಿದರು, ಈ ಸಲ ಸ್ವಲ್ಪ ಗದರಿಕೊಂಡೇ. ಅಜ್ಜಿ ಎದ್ದರು. ಮಂಡಿ ಹಿಡಿದುಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕುಳಿತು, ಉಸಿರು ಬಿಗಿಹಿಡಿದು ಕಾದರು. ಮುದುಕಿ ಏಳಲಿಲ್ಲ. ಒಂದು ನಿಲ್ದಾಣ ಕಳೆಯಿತು. ಅಜ್ಜಿ ಬೆನ್ನು ಹಿಂದಕ್ಕೆ ಆನಿಸಿದರು. ಮೂರನೆಯ ನಿಲ್ದಾಣದ ಹೊತ್ತಿಗೆ ಮುದುಕಿ ತೂಕಡಿಸಿ, ಅವರ ತಲೆ ಅಜ್ಜಿಯ ಭುಜದ ಮೇಲೆ ವಾಲಿತು.

ಅಷ್ಟರಲ್ಲಿ ಅವರ ಪಕ್ಕದ ತರುಣ ಇಳಿದು ಹೋಗಿದ್ದ. “ಮಾವ, ಜಾಗವಿದೆ, ಕೂರಿ,” ಎಂದೆ.

“ಸುಮ್ಕಿರ್ಲಾ, ನೋಡ್ತಾ ಇವ್ನಿ,” ಎಂದರು ಮಾವ, ಕಂಬ ಬಿಡದೆ.

ನಾವು ರೈಲು ಬದಲಿಸಬೇಕಾದ ನಿಲ್ದಾಣ ಬಂದಿತು. ಮಾವ ಬಾಗಿ, “ಅವ್ವಾ, ಏಳು, ಇಳೀಬೇಕು,” ಎಂದರು. ತಾಯಿಯನ್ನು ಕೂರಿಸಲು ಆಯುಷ್ಯವನ್ನೇ ಸವೆಸಿದ ಮನುಷ್ಯ ಈಗ ಎಬ್ಬಿಸಲು ಪರದಾಡುತ್ತಿದ್ದರು!

“ಮೆಲ್ಲುಗ್ ಮಾತಾಡ್ಲಾ,” ಎಂದು ಅಜ್ಜಿ ಭುಜ ಅಲುಗಿಸದೆ ಪಿಸುಗುಟ್ಟಿದರು. “ಆಯಮ್ಮ ಮಲ್ಗವ್ಳೆ. ಮುಂದಿನ್ದ್ರಾಗೆ ಇಳಿದ್ರಾಯ್ತು.”

ಬಾಗಿಲು ಮುಚ್ಚಿತು. ನಾವು ಇಳಿಯಲಿಲ್ಲ.

ಓದುಗರೇ, ನಿಮ್ಮ ಬಸ್ಸಿನಲ್ಲೂ ಬಾಗಿಲ ಪಕ್ಕ ನೆಲದ ಮೇಲೆ ಯಾರಾದರೂ ಕುಳಿತಿರಬಹುದು. ಗಾಳಿ ಚೆನ್ನಾಗಿದೆ ಎಂದು ಅವರು ಹೇಳಿದರೆ ನಂಬಬೇಡಿ. ಎದ್ದು ನಿಂತು ತ್ಯಾಗ ಮಾಡುವುದೂ ಬೇಡ. ದಯವಿಟ್ಟು ಸ್ವಲ್ಪ ಸರಿದು ಕುಳಿತು, ಅವರನ್ನು ಪಕ್ಕಕ್ಕೆ ಕರೆಯಿರಿ.